ನನಗೆ ಮಾತ್ರ ಸೆಕೆ: ಮುಟ್ಟು ನಿಲ್ಲುವ ಕಾಲದ ಮೈಬಿಸಿ ಮತ್ತು ನಮ್ಮ ಓದು

(ಗಡಿನಾಡಿನ ಕನ್ನಡ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಲಾಗಿದೆ. ಕೊನೆಯಲ್ಲಿ ಸಂವಾದದ ಆಯ್ದ ಭಾಗವಿದೆ.)

ನಾನು ಕಾಸರಗೋಡಿನವಳು. ಕನ್ನಡ ಎಂ.ಎ. ಎರಡನೇ ವರ್ಷದಲ್ಲಿದ್ದೇನೆ.

ಗಡಿನಾಡಿನ ಸಾಹಿತ್ಯ ಅಂದ ಕೂಡಲೇ ನಾವು ಮಾತಾಡುವುದು 1956ರ ಬಗ್ಗೆ, ಶಾಲೆಗಳ ಬಗ್ಗೆ, ಕಯ್ಯಾರ ಕಿಞ್ಞಣ್ಣ ರೈಗಳ ಹೋರಾಟದ ಬಗ್ಗೆ. ಅದು ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಗಡಿ ಅನ್ನುವುದು ನೆಲದ ಮೇಲೆ ಮಾತ್ರ ಇರುವುದಲ್ಲ. ಒಬ್ಬಳು ಹೆಂಗಸು ತನ್ನ ಮೈಗೆ ಆಗ್ತಾ ಇರುವುದನ್ನು ತನ್ನ ಭಾಷೆಯಲ್ಲಿ ಯೋಚಿಸಿ ಇನ್ನೊಂದು ಭಾಷೆಯ ಡಾಕ್ಟರ ಮುಂದೆ ಹೇಳುವಾಗಲೂ ಒಂದು ಗಡಿ ದಾಟುತ್ತಾಳೆ. ಇವತ್ತು ನಾನು ಆರಿಸಿಕೊಂಡದ್ದು ಆ ದಾಟುವಿಕೆಯನ್ನು. ವಿಷಯ, ಮುಟ್ಟು ನಿಲ್ಲುವ ಕಾಲದಲ್ಲಿ ಹೆಂಗಸರ ಮೈಗೆ ಥಟ್ಟನೆ ಏರಿ ಬರುವ ಬಿಸಿ. ಇಂಗ್ಲಿಷಿನಲ್ಲಿ ಹಾಟ್ ಫ್ಲ್ಯಾಶ್ ಅಂತಾರೆ.

ನನ್ನ ವಾದ ಇಷ್ಟು. ಕನ್ನಡ ಸಾಹಿತ್ಯದಲ್ಲಿ ಹೆಣ್ಣಿನ ಮೈಯ ಬಿಸಿ ಬೇಕಾದಷ್ಟು ಉಂಟು. ಆದರೆ ನಮ್ಮ ಕಾವ್ಯವೂ ವಿಮರ್ಶೆಯೂ ಆ ಬಿಸಿಯನ್ನು ತಕ್ಷಣ ಬೇರೆ ಏನನ್ನೋ ಮಾಡಿಬಿಡುತ್ತವೆ: ವಿರಹ, ಸಿಟ್ಟು, ಹೊಟ್ಟೆಯುರಿ, ಹುಚ್ಚು. ಬಿಸಿಯನ್ನು ಬಿಸಿಯಾಗಿಯೇ ಓದುವ ಅಭ್ಯಾಸ ನಮಗಿಲ್ಲ. ಆ ಅಭ್ಯಾಸ ಇರುವುದು ಬಾಯಿಮಾತಿನಲ್ಲಿ, ಅದರಲ್ಲೂ ಮೂರು ನಾಲ್ಕು ಭಾಷೆಗಳ ನಡುವೆ ಬದುಕುವ ಹೆಂಗಸರ ಬಾಯಿಮಾತಿನಲ್ಲಿ.

1. ಮೈಯಲ್ಲಿ ಆಗುವುದೇನು

ಮೊದಲು ದೇಹದ ಸಂಗತಿ ಹೇಳಿಬಿಡ್ತೇನೆ. ಇದು ಸಾಹಿತ್ಯದ ಸಂಕಿರಣ ಹೌದು, ಆದರೆ ಇದು ಗೊತ್ತಿಲ್ಲದೆ ಮುಂದಿನ ಮಾತು ನಿಲ್ಲುವುದಿಲ್ಲ.

ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದೆ ಇದ್ದರೆ ಮುಟ್ಟು ನಿಂತಿದೆ ಅಂತ ವೈದ್ಯಕೀಯ ಲೆಕ್ಕ. ಭಾರತದಲ್ಲಿ ಇದು ಸರಾಸರಿ 46–47ರ ಸುಮಾರಿಗೆ, ಪಾಶ್ಚಾತ್ಯ ದೇಶಗಳಲ್ಲಿ 51ರ ಸುಮಾರಿಗೆ. ಆದರೆ ಬಿಸಿ ಏರುವುದು ಮುಟ್ಟು ಪೂರ್ತಿ ನಿಲ್ಲುವ ಮೊದಲೇ ಶುರುವಾಗಬಹುದು, ನಿಂತ ಮೇಲೂ ವರ್ಷಗಟ್ಟಲೆ ಇರಬಹುದು. ಅಮೆರಿಕದಲ್ಲಿ ಬೇರೆ ಬೇರೆ ಜನಾಂಗಗಳ ಹೆಂಗಸರನ್ನು ವರ್ಷಾನುವರ್ಷ ಹಿಂಬಾಲಿಸಿ ನಡೆಸಿದ 'ಸ್ವಾನ್' ಅಧ್ಯಯನದ 2015ರ ವರದಿಯಲ್ಲಿ, ಮೇಲಿಂದ ಮೇಲೆ ಬಿಸಿ ಏರುತ್ತಿದ್ದವರಲ್ಲಿ ಅದು ಉಳಿದ ಮಧ್ಯಮ ಅವಧಿ 7.4 ವರ್ಷ. ಅಂದರೆ ಒಂದು ಮಗು ಹುಟ್ಟಿ ಎರಡನೇ ಕ್ಲಾಸಿಗೆ ಹೋಗುವಷ್ಟು ಕಾಲ.

ಮಿದುಳಿನ ಬುಡದಲ್ಲಿ ಹೈಪೊಥಲಾಮಸ್ ಅಂತ ಒಂದು ಭಾಗ ಉಂಟು. ಮೈಯ ಉಷ್ಣತೆಯನ್ನು ಕಾಯುವುದು ಅದರ ಕೆಲಸಗಳಲ್ಲಿ ಒಂದು. ಸಾಮಾನ್ಯವಾಗಿ ಒಳಗಿನ ಉಷ್ಣತೆ ಸ್ವಲ್ಪ ಮೇಲೆ ಕೆಳಗೆ ಆದರೂ ಅದು ಸುಮ್ಮನಿರುತ್ತದೆ. ಈಸ್ಟ್ರೊಜೆನ್ ಕಡಿಮೆಯಾದಾಗ ಅಲ್ಲಿನ ಕೆಲವು ನರಕೋಶಗಳು ಅತಿಯಾಗಿ ಚುರುಕಾಗುತ್ತವೆ, ಸುಮ್ಮನಿರುವ ಆ ಅಂತರ ಕಿರಿದಾಗುತ್ತದೆ. ಆಗ ತೀರ ಸಣ್ಣ ಏರಿಕೆಯಾದರೂ 'ಮೈ ಕಾಯ್ತಾ ಉಂಟು, ತಣಿಸಿ' ಅಂತ ಆಜ್ಞೆ ಹೋಗುತ್ತದೆ. ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ಎದೆಯಿಂದ ಕತ್ತಿಗೆ, ಕತ್ತಿನಿಂದ ಮುಖಕ್ಕೆ ಬಿಸಿ ಏರುತ್ತದೆ. ಬೆರಳ ತುದಿ ಕೂಡ ಬೆಚ್ಚಗಾಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬೆವರು ಕಿತ್ತು ಬರುತ್ತದೆ. ಹೆಚ್ಚಾಗಿ ಒಂದರಿಂದ ಐದು ನಿಮಿಷ. ಆಮೇಲೆ ಒಳಗಿನ ಉಷ್ಣತೆ ನಿಜವಾಗಿಯೂ ಇಳಿದು ಚಳಿಯಾಗುತ್ತದೆ. ಈ ನರಕೋಶಗಳ ಮೇಲೆಯೇ ಕೆಲಸ ಮಾಡುವ, ಹಾರ್ಮೋನ್ ಅಲ್ಲದ ಒಂದು ಔಷಧಿಗೆ, ಫೆಜೊಲಿನೆಟಂಟ್‌ಗೆ, 2023ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ನಮ್ಮ ಓದಿಗೆ ಮುಖ್ಯವಾದದ್ದು ಒಂದೇ: ಇದು ಜ್ವರ ಅಲ್ಲ. ಜ್ವರದಲ್ಲಿ ಮೈ ಬಿಸಿಯನ್ನು ಕೂಡಿಡುತ್ತದೆ, ಇಲ್ಲಿ ಹೊರಗೆ ಚೆಲ್ಲುತ್ತದೆ. ಥರ್ಮಾಮೀಟರ್ ಇಟ್ಟರೆ ಹೆಚ್ಚು ಕಡಿಮೆ ಮಾಮೂಲಿ ಅಂಕಿಯೇ ಬರುತ್ತದೆ. ಹೊರಗಿನ ಹವೆ ಬದಲಾಗಿಲ್ಲ, ಮೈ ಮಾತ್ರ ಹವೆ ಬದಲಾದಂತೆ ನಡೆದುಕೊಳ್ಳುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

2. ನಿಂತದ್ದಕ್ಕೆ ಹೆಸರುಂಟು, ಶುರುವಾದದ್ದಕ್ಕೆ?

ಪುಸ್ತಕದ ಕನ್ನಡದಲ್ಲಿ ಋತುಬಂಧ. ಮಲಯಾಳಂನಲ್ಲಿ ಆರ್ತವವಿರಾಮ. ಮರಾಠಿ, ಹಿಂದಿಯಲ್ಲಿ ರಜೋನಿವೃತ್ತಿ. ಮೂರೂ ಸಂಸ್ಕೃತದಿಂದಲೇ ಕಟ್ಟಿದ್ದು, ಆದರೆ ಕನ್ನಡದ ಕಿವಿಗೆ ಮೂರೂ ಬೇರೆ ಬೇರೆ ಕೇಳಿಸುತ್ತವೆ. ಒಂದರಲ್ಲಿ ಕಟ್ಟಿಹಾಕಿದ್ದಾರೆ, ಒಂದರಲ್ಲಿ ಬಿಡುವು ಕೊಟ್ಟಿದ್ದಾರೆ, ಒಂದರಲ್ಲಿ ರಿಟೈರ್ ಮಾಡಿದ್ದಾರೆ. ಮೆನೊಪಾಸ್ ಅನ್ನುವ ಪದವೂ ಹಳೆಯದೇನಲ್ಲ. ಫ್ರಾನ್ಸಿನ ವೈದ್ಯ ಗಾರ್ಡನ್ 1821ರಲ್ಲಿ ಅದನ್ನು ಬಳಕೆಗೆ ತಂದ. ಅದರ ಅರ್ಥವೂ ನಿಲ್ಲುವುದೇ. ಎಲ್ಲ ಪದಗಳೂ ಏನು ನಿಂತಿತು ಅಂತ ಹೇಳುತ್ತವೆ. ಏನು ಶುರುವಾಯಿತು ಅಂತ ಯಾವುದೂ ಹೇಳುವುದಿಲ್ಲ.

ಆಡುಮಾತಿಗೆ ಬಂದರೆ ಇನ್ನೊಂದು ಸಂಗತಿ ಕಾಣುತ್ತದೆ. ಮುಟ್ಟು, ದೂರ, ಹೊರಗಾಗುವುದು, ನಮ್ಮ ಹವ್ಯಕ ಕನ್ನಡದಲ್ಲಿ 'ಹೆರ'. ಇವುಗಳಲ್ಲಿ ಯಾವ ಪದ ಹೆಂಗಸಿನ ಮೈಯನ್ನು ಹೇಳುತ್ತದೆ? ರಕ್ತ ಇಲ್ಲ, ನೋವು ಇಲ್ಲ. ಇರುವುದು ಮನೆಯ ನಕ್ಷೆ: ಯಾರು ಮುಟ್ಟಬಾರದು, ಯಾರು ಹೊರಗೆ ಕೂರಬೇಕು, ಯಾರು ದೂರ ಇರಬೇಕು. ಇವು ಮನೆಯ ಕಡೆಯಿಂದ ಹುಟ್ಟಿದ ಪದಗಳು. ಹಾಗಾಗಿ ಮುಟ್ಟು ನಿಂತಿತು ಅಂದಾಗ ಮನೆಯ ತೊಂದರೆ ಮುಗಿಯಿತು ಅಂತಲೇ ಅರ್ಥ ಬರುತ್ತದೆ. ಇನ್ನು ತಿಂಗಳಿಡೀ ಅಡುಗೆಗೆ ಒದಗುತ್ತಾಳೆ, ಪೂಜೆಗೆ ಸಿಗುತ್ತಾಳೆ, ಯಾತ್ರೆಗೆ ಹೋಗಬಹುದು. ನಮ್ಮ ರಾಜ್ಯದಲ್ಲಿ ಈ ಲೆಕ್ಕ ಕೋರ್ಟಿನವರೆಗೂ ಹೋಯಿತಲ್ಲ. ಶಬರಿಮಲೆ ವಿಚಾರದಲ್ಲಿ 1991ರ ಕೇರಳ ಹೈಕೋರ್ಟ್ ತೀರ್ಪಿನಿಂದ 2018ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಎಲ್ಲರ ಬಾಯಲ್ಲೂ ಇದ್ದದ್ದು 10 ಮತ್ತು 50 ಅನ್ನುವ ಎರಡು ಅಂಕಿ. ಐವತ್ತು ದಾಟಿದವಳು ದೇವರಿಗೆ ತೊಂದರೆಯಲ್ಲ ಅಂತ ವ್ಯವಸ್ಥೆ ಹೇಳಿತು. ಅವಳಿಗೆ ರಾತ್ರಿ ನಿದ್ದೆ ಬರುತ್ತದೋ ಅಂತ ಕೇಳುವುದು ಆ ಚರ್ಚೆಯ ಒಳಗೆ ಇರಲಿಲ್ಲ.

ನಮ್ಮ ವಿಮರ್ಶೆಯೂ ಇದೇ ಬೇಲಿಯ ಸುತ್ತ ನಡೆದಿದೆ. ವಚನಕಾರರು ಪಂಚಸೂತಕಗಳನ್ನು ನಿರಾಕರಿಸಿದರು, ಅದರಲ್ಲಿ ರಜಸ್ಸೂತಕವೂ ಉಂಟು ಅಂತ ನಾವೆಲ್ಲ ಪರೀಕ್ಷೆಯಲ್ಲಿ ಬರೆದಿದ್ದೇವೆ. ಅದು ದೊಡ್ಡ ನಿರಾಕರಣೆಯೇ. ಆದರೆ ಸೂತಕ ಅನ್ನುವುದು ಮನೆ ಹಾಕಿದ ಬೇಲಿ. ಬೇಲಿ ಕಿತ್ತದ್ದನ್ನು ಹೊಗಳಿದ ನಾವು ಬೇಲಿಯ ಒಳಗಿದ್ದ ಮೈಯನ್ನು ಮಾತಾಡಿಸಿಲ್ಲ.

ಮಾರ್ಷಾ ಫ್ಲಿಂಟ್ ಎಂಬ ಮಾನವಶಾಸ್ತ್ರಜ್ಞೆ 1975ರಲ್ಲಿ ಉತ್ತರ ಭಾರತದ ರಜಪೂತ ಹೆಂಗಸರ ಬಗ್ಗೆ ಬರೆದ ಲೇಖನ ಈ ಕ್ಷೇತ್ರದಲ್ಲಿ ಪ್ರಸಿದ್ಧ. ಮುಟ್ಟು ನಿಂತ ಮೇಲೆ ಅವರಿಗೆ ಪರದೆಯಿಂದ ಬಿಡುಗಡೆ ಸಿಗುತ್ತಿತ್ತು, ಗಂಡಸರ ನಡುವೆ ಕೂತು ಮಾತಾಡಬಹುದಿತ್ತು. ಹಾಗಾಗಿ ಅವರಲ್ಲಿ ಹೆಚ್ಚಿನ ದೂರುಗಳೇ ಕಾಣಲಿಲ್ಲ, ಈ ಕಾಲ ಅವರಿಗೆ ಶಿಕ್ಷೆಯಲ್ಲ ಬಹುಮಾನ ಅನ್ನುವುದು ಅವರ ತೀರ್ಮಾನ. ಇದರಲ್ಲಿ ಸತ್ಯ ಇದೆ. ಸಮಾಜ ಕೊಡುವ ಸ್ಥಾನ ಮೈಯ ಅನುಭವವನ್ನು ಬದಲಿಸಬಲ್ಲದು. ಆದರೆ ಭಾಷೆ ಓದುವವಳಾಗಿ ನನಗೊಂದು ತಕರಾರು ಉಂಟು. ದೂರು ಹೇಳಲಿಕ್ಕೆ ಪದ ಬೇಕು, ಕೇಳುವ ಕಿವಿ ಬೇಕು. ದೂರು ಇಲ್ಲ ಅನ್ನುವುದೂ ಬಿಸಿ ಇಲ್ಲ ಅನ್ನುವುದೂ ಒಂದೇ ಅಲ್ಲ. ಮಾರ್ಗರೆಟ್ ಲಾಕ್ ಜಪಾನಿನ ಬಗ್ಗೆ 1993ರಲ್ಲಿ ಪ್ರಕಟಿಸಿದ ಪುಸ್ತಕ ಇಲ್ಲಿ ಹೆಚ್ಚು ಸಹಾಯಕ್ಕೆ ಬರುತ್ತದೆ. ಜಪಾನಿ ಭಾಷೆಯಲ್ಲಿ ಹಾಟ್ ಫ್ಲ್ಯಾಶ್‌ಗೇ ಮೀಸಲಾದ ಒಂದು ಪದ ಇರಲಿಲ್ಲ, ಅಲ್ಲಿನ ಹೆಂಗಸರು ಈ ಕಾಲದ ಬಗ್ಗೆ ಹೇಳುವಾಗ ಹೆಗಲು ಬಿಗಿಯುವುದನ್ನು ಹೆಚ್ಚು ಹೇಳಿದರು ಅಂತ ಅವರು ತೋರಿಸಿದರು. ಮೈ ಬೇರೆಯೋ ಮಾತು ಬೇರೆಯೋ ಅಂತ ಲಾಕ್ ಅವಸರದ ಉತ್ತರ ಕೊಡುವುದಿಲ್ಲ, ಎರಡೂ ಒಂದನ್ನೊಂದು ತಿದ್ದುತ್ತವೆ ಅನ್ನುತ್ತಾರೆ. ನಾನು ಹಿಡಿದಿರುವುದು ಆ ದಾರಿ.

3. ತಾಪಕ್ಕೆ ಒಬ್ಬ ಗಂಡಸು ಬೇಕು

ಹಳೆಯ ಕಾವ್ಯಕ್ಕೆ ಬರೋಣ. ಹೆಣ್ಣಿನ ಮೈ ಕಾಯುವುದನ್ನು ನಮ್ಮ ಕವಿಗಳಷ್ಟು ವಿವರವಾಗಿ ಯಾರೂ ಬರೆದಿರಲಿಕ್ಕಿಲ್ಲ. ವಿರಹತಾಪ, ಅದಕ್ಕೆ ಶೈತ್ಯೋಪಚಾರ: ಚಂದನದ ಲೇಪ, ತಾವರೆ ಎಲೆಯ ಹಾಸಿಗೆ, ಬಾಳೆ ಎಲೆಯ ಗಾಳಿ, ಪನ್ನೀರು. ಬಾಣನ 'ಕಾದಂಬರಿ'ಯಲ್ಲಿ ನಾಯಕಿ ತಾಪದಿಂದ ಬಳಲಿ ಹಿಮಗೃಹ ಸೇರುತ್ತಾಳೆ. ನಾಗವರ್ಮ ಆ ಕಥೆಯನ್ನು ಸುಮಾರು ಸಾವಿರ ವರ್ಷದ ಹಿಂದೆ ಕನ್ನಡಕ್ಕೆ ತಂದ. ಸಖಿಯರು ಮಾಡುವ ಉಪಚಾರದ ಪಟ್ಟಿಯನ್ನು ಇವತ್ತು ಒಬ್ಬ ಡಾಕ್ಟರಿಗೆ ಕೊಟ್ಟರೆ ನಗಲಿಕ್ಕಿಲ್ಲ. ತೆಳುವಾದ ಬಟ್ಟೆ, ಗಾಳಿ, ತಣ್ಣನೆಯ ಕೋಣೆ ಅಂತ ಅವರೂ ಹೇಳುತ್ತಾರೆ.

ಆದರೆ ಆ ಕಾವ್ಯದಲ್ಲಿ ಒಂದು ನಿಯಮ ಉಂಟು. ತಾಪ ಬರಬೇಕಾದರೆ ಅವಳು ಹರೆಯದವಳಾಗಿರಬೇಕು, ತಾಪಕ್ಕೆ ಕಾರಣನಾದ ಒಬ್ಬ ಗಂಡಸು ದೂರದಲ್ಲಿರಬೇಕು. ಹೆಣ್ಣಿನ ಮೈ ತನ್ನಷ್ಟಕ್ಕೆ ಬಿಸಿಯಾಗುವುದನ್ನು ಈ ಕಾವ್ಯಸಂಪ್ರದಾಯ ಒಪ್ಪುವುದಿಲ್ಲ. ಬಿಸಿ ಅಂದರೆ ಬಯಕೆಯ ಗುರುತು. ಬಯಕೆ ಮುಗಿದಿದೆ ಅಂತ ಸಮಾಜ ತೀರ್ಮಾನಿಸಿದ ವಯಸ್ಸಿನವಳಿಗೆ ಬಿಸಿ ಬಂದರೆ ಅದನ್ನು ಇಡಲಿಕ್ಕೆ ಕಾವ್ಯದಲ್ಲಿ ಜಾಗ ಇಲ್ಲ. ಹೀಗೆ ಇಷ್ಟು ಸಮೃದ್ಧವಾದ ಪದಸಂಪತ್ತು ಇದ್ದೂ ನಲವತ್ತೆಂಟರ ಹೆಂಗಸಿಗೆ ಅದು ದಕ್ಕದೆ ಹೋಯಿತು. ಅವಳು 'ತಾಪ' ಅಂತ ಬಾಯಿ ಬಿಟ್ಟರೆ ಕೇಳಿದವರು ನಗುತ್ತಾರೆ.

4. ಅಜ್ಜಿ, ಅತ್ತೆ ಮತ್ತು ಕಳೆದುಹೋದ ಹತ್ತು ವರ್ಷ

ಹೊಸಗನ್ನಡದ ಕಾದಂಬರಿಗಳಲ್ಲಿ ಪರಿಸ್ಥಿತಿ ಬೇರೆ, ಆದರೆ ಪೂರ್ತಿ ಬೇರೆಯಲ್ಲ. ತ್ರಿವೇಣಿಯವರ 'ಶರಪಂಜರ' ಇಲ್ಲಿ ನಮಗೆ ಒಳ್ಳೆಯ ಅಳತೆಗೋಲು. ಹೆರಿಗೆಯ ನಂತರ ಕಾವೇರಿಯ ಮನಸ್ಸು ಕದಡುವುದನ್ನು ಅವರು ಕಾದಂಬರಿಯ ನಡುಮಧ್ಯಕ್ಕೆ ತಂದರು. ಬಾಣಂತಿ ಸನ್ನಿ ಅನ್ನುವ ಪದ ಜನರಲ್ಲಿ ಮೊದಲೇ ಇತ್ತು. ಕಾದಂಬರಿ ಆ ಪದದ ಒಳಗಿದ್ದ ಮನುಷ್ಯಳನ್ನು ತೋರಿಸಿತು. 1971ರ ಸಿನಿಮಾ ಅದನ್ನು ಮನೆ ಮನೆಗೆ ಮುಟ್ಟಿಸಿತು. ಅಂದರೆ ಹೆಣ್ಣಿನ ಮೈಯ ಒಂದು ಘಟ್ಟವನ್ನು ಕನ್ನಡ ಕಾದಂಬರಿ ಗಂಭೀರವಾಗಿ ಓದಬಲ್ಲದು ಅನ್ನುವುದಕ್ಕೆ ಸಾಕ್ಷಿ ನಮ್ಮಲ್ಲೇ ಇದೆ. ಆದರೆ ಅದು ತಾಯಿಯಾಗುವ ಘಟ್ಟ. ಡಾಕ್ಟರೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನರು ಜನರಿಗಾಗಿ ಬರೆದ ಹೆಸರಾಂತ ಪುಸ್ತಕಗಳ ಶೀರ್ಷಿಕೆ ನೋಡಿ: 'ಕೇಳು ಕಿಶೋರಿ', 'ವಧುವಿಗೆ ಕಿವಿಮಾತು', 'ದಾಂಪತ್ಯ ದೀಪಿಕೆ', 'ತಾಯಿ ಮಗು'. ಕನ್ನಡದ ಹೆಂಗಸರಿಗೆ ಅವರು ಮಾಡಿದ ಉಪಕಾರ ಸಣ್ಣದಲ್ಲ. ನಾನು ಹೇಳುವುದು ಶೀರ್ಷಿಕೆಗಳು ಕರೆಯುವ ಓದುಗಳ ಬಗ್ಗೆ. ಕಿಶೋರಿ, ವಧು, ಹೆಂಡತಿ, ತಾಯಿ ಅಂತ ಸಾಲು ಬಂದು ಅಲ್ಲಿಗೆ ನಿಲ್ಲುತ್ತದೆ. ಆಮೇಲಿನವಳನ್ನು ಏನಂತ ಕರೆಯುವುದು?

ಆಮೇಲಿನವಳು ನಮ್ಮ ಕಥೆಗಳಲ್ಲಿ ಅಜ್ಜಿ ಇಲ್ಲವೇ ಅತ್ತೆ. ಸಾರಾ ಅಬೂಬಕ್ಕರ್ ನಮ್ಮ ಕಾಸರಗೋಡಿನವರು. ಅವರ 'ಚಂದ್ರಗಿರಿಯ ತೀರದಲ್ಲಿ' 1984ರಲ್ಲಿ ಬಂತು. ನಾದಿರಾಳ ದುರಂತವನ್ನು ಎಲ್ಲರೂ ಓದಿದ್ದೇವೆ. ನಾನು ಈ ಸಲ ಓದಿದ್ದು ಅವಳ ತಾಯಿ ಫಾತಿಮ್ಮಳನ್ನು. ಎಳೆಯ ವಯಸ್ಸಿನಲ್ಲಿ ಮದುವೆಯಾಗುವ ಲೋಕ ಅದು. ಅಂಥ ಲೋಕದಲ್ಲಿ ಹೆಂಗಸು ಮೂವತ್ತೈದಕ್ಕೆಲ್ಲ ಅಜ್ಜಿಯಾಗಿಬಿಡಬಹುದು. ಮುಟ್ಟು ನಿಲ್ಲುವುದು ಇನ್ನೂ ಹತ್ತು ಹನ್ನೆರಡು ವರ್ಷದ ಮಾತು. ಸಂಬಂಧದ ಲೆಕ್ಕದಲ್ಲಿ ಮುದುಕಿಯಾಗುವುದು ಮೊದಲು, ಮೈ ಬದಲಾಗುವುದು ಆಮೇಲೆ. ಅಷ್ಟು ಹೊತ್ತಿಗೆ ಕಥೆಯ ಕಣ್ಣು ಅವಳನ್ನು ಬಿಟ್ಟು ಮಗಳ ಮೇಲೆ, ಮೊಮ್ಮಗುವಿನ ಮೇಲೆ ಹೋಗಿರುತ್ತದೆ. ಇದು ಸಾರಾ ಅವರ ಕೊರತೆ ಅಲ್ಲ. ಅವರು ಬರೆದ ಸಮಾಜವೇ ವಯಸ್ಸನ್ನು ಅಳೆಯುವುದು ಹಾಗೆ. ಆದರೆ ಓದುವ ನಮಗೆ ಈ ಹತ್ತು ವರ್ಷ ಕಳೆದುಹೋಗಿದೆ ಅಂತ ಗೊತ್ತಾಗಬೇಕಲ್ಲ.

ಅತ್ತೆಯ ಕಥೆ ಇನ್ನೂ ಗಟ್ಟಿ. ಜನಪದ ತ್ರಿಪದಿಗಳಿಂದ ಹಿಡಿದು ಟೀವಿ ಧಾರಾವಾಹಿಯವರೆಗೆ ಅತ್ತೆ ಅಂದರೆ ಉರಿಯುವವಳು, ಸಿಡಿಯುವವಳು. 'ಗರತಿಯ ಹಾಡು' ಸಂಗ್ರಹಿಸಿದ ಹಲಸಂಗಿ ಗೆಳೆಯರ ಊರು ಮಹಾರಾಷ್ಟ್ರದ ಗಡಿಗೆ ಹತ್ತಿರವೇ. ಆ ಬಗೆಯ ಹಾಡುಗಳಲ್ಲಿ 'ನಾನು' ಅಂತ ಮಾತಾಡುವವಳು ಹೆಚ್ಚಾಗಿ ಮಗಳು, ಸೊಸೆ, ತಾಯಿ. ಅತ್ತೆ 'ನಾನು' ಅನ್ನುವುದು ಅಪರೂಪ, ಅವಳ ಬಗ್ಗೆ ಬೇರೆಯವರು ಹೇಳುತ್ತಾರೆ. ಸೊಸೆ ಮನೆಗೆ ಬರುವ ಹೊತ್ತಿಗೆ ಅತ್ತೆಗೆ ವಯಸ್ಸೆಷ್ಟು? ನಲವತ್ತರಿಂದ ಐವತ್ತರ ನಡುವೆ. ರಾತ್ರಿ ಎರಡು ಮೂರು ಸಲ ಬೆವರಿ ಒದ್ದೆಯಾಗಿ ಏಳುವ, ಬೆಳಗ್ಗೆ ಎಲ್ಲರಿಗಿಂತ ಮೊದಲು ಒಲೆ ಹಚ್ಚುವ ವಯಸ್ಸು ಅದೇ. ಅವಳ ಮೈ ಉರಿದದ್ದನ್ನು ಅವಳ ಗುಣ ಉರಿದದ್ದು ಅಂತ ಓದಿದ್ದೇವಾ? ನಾನು ಇದನ್ನು ಪ್ರಶ್ನೆಯಾಗಿಯೇ ಇಡ್ತೇನೆ.

ವೈದೇಹಿಯವರ 'ಅಕ್ಕು' ಈ ಪ್ರಶ್ನೆಗೆ ಹತ್ತಿರ ಬರುತ್ತದೆ. ತಾನು ಬಸುರಿ ಅಂತ ಅಕ್ಕು ಹೇಳಿಕೊಳ್ಳುತ್ತಾಳೆ, ಮನೆ ಅದನ್ನು ಹುಚ್ಚು ಅನ್ನುತ್ತದೆ. ವಿಮರ್ಶಕರು ಆ ಹುಚ್ಚಿನೊಳಗಿನ ಪ್ರತಿಭಟನೆಯನ್ನು ಚೆನ್ನಾಗಿಯೇ ಗುರುತಿಸಿದ್ದಾರೆ. ನನಗೆ ಬೇಕಾದದ್ದು ಅದಕ್ಕಿಂತ ಸರಳವಾದ ಪಾಠ: ಹೆಂಗಸು ತನ್ನ ಮೈ ಬಗ್ಗೆ ಏನಾದರೂ ಹೇಳಿದರೆ, ಮನೆಯವರಿಗೆ ಕಾಣದ್ದು ಇಲ್ಲವೇ ಇಲ್ಲ ಅಂತ ತೀರ್ಮಾನವಾಗುತ್ತದೆ. ಹಾಟ್ ಫ್ಲ್ಯಾಶ್ ಕೂಡ ಹೊರಗಿನವರಿಗೆ ಕಾಣದ್ದೇ.

5. 'ಬಿಸಿ ಹೊಳಪು' ಅಂದರೆ ಏನು?

ಈಗ ಇವತ್ತಿನ ಕನ್ನಡ. ಮೊಬೈಲಿನಲ್ಲಿ ಈ ವಿಷಯ ಹುಡುಕಿದರೆ ಸಿಗುವ ಆರೋಗ್ಯ ಬರಹಗಳಲ್ಲಿ ಒಂದು ಪದ ಮತ್ತೆ ಮತ್ತೆ ಎದುರಾಗುತ್ತದೆ, 'ಬಿಸಿ ಹೊಳಪು'. ಕೆಲವು ಕಡೆ 'ಬಿಸಿ ಹೊಳಪಿನ' ಅಂತ ಅರ್ಧಕ್ಕೇ ನಿಂತಿರುತ್ತದೆ. ಫ್ಲ್ಯಾಶ್ ಅಂದರೆ ಹೊಳಪು ಅಂತ ಯಂತ್ರ ಅನುವಾದಿಸಿದೆ, ಮನುಷ್ಯರು ಅದನ್ನು ಓದದೆ ಹಾಕಿದ್ದಾರೆ. ಕನ್ನಡದಲ್ಲಿ ಹೊಳಪು ಅಂದರೆ ಪಾತ್ರೆಯದ್ದು, ಚಿನ್ನದ್ದು, ಮದುಮಗಳ ಮುಖದ್ದು. ಕಷ್ಟದಲ್ಲಿರುವ ಹೆಂಗಸೊಬ್ಬಳು ಇದನ್ನು ಓದಿ ತನ್ನದೇ ಸಂಗತಿ ಅಂತ ಗುರುತಿಸಲಿಕ್ಕೆ ಸಾಧ್ಯವೇ ಇಲ್ಲ. ಇದು ಬರೀ ನಗೆಪಾಟಲಿನ ಮಾತಲ್ಲ. ಪದ ಗುರುತಾಗದಿದ್ದರೆ ಬರಹ ಇದ್ದೂ ಇಲ್ಲದ ಹಾಗೆ. ಇಂಗ್ಲಿಷಿನಲ್ಲೂ ಅಮೆರಿಕದವರು ಫ್ಲ್ಯಾಶ್ ಅಂದರೆ ಬ್ರಿಟನ್ನಿನವರು ಫ್ಲಶ್ ಅಂತಾರೆ. ಒಂದು ಥಟ್ಟನೆ ಬರುವುದನ್ನು ಹಿಡಿದದ್ದು, ಇನ್ನೊಂದು ಮುಖ ಕೆಂಪಾಗುವುದನ್ನು. ಅವರು ಅನುಭವದಿಂದ ಪದ ತೆಗೆದರು, ನಾವು ಪದದಿಂದ ಪದ ತೆಗೆದೆವು.

ಕನ್ನಡದಲ್ಲಿ ಬಿಸಿಗೆ ಪದ ಇಲ್ಲವಾ? ಬಿಸಿ, ಕಾವು, ಝಳ, ಧಗೆ, ಬೇಗೆ, ಉರಿ, ಸೆಕೆ, ಉಷ್ಣ. ಒಂದೊಂದಕ್ಕೂ ಒಂದೊಂದು ಕೆಲಸ ಉಂಟು. ಕಾವು ಒಳಗಿನಿಂದ ನಿಧಾನಕ್ಕೆ ಬರುವುದು, ಕೋಳಿ ಮೊಟ್ಟೆಗೆ ಕೊಡುವಂಥದ್ದು. ಝಳ ಹೊರಗಿನಿಂದ ಮುಖಕ್ಕೆ ಬಡಿಯುವುದು, ಒಲೆಯದ್ದು, ಬಿಸಿಲಿನದ್ದು. ಉರಿ ಒಂದು ಜಾಗದ್ದು, ಕಣ್ಣುರಿ, ಅಂಗೈಯುರಿ. ಉಷ್ಣ ತಿಂದದ್ದರಿಂದ ಆಗುವುದು, ಮಾವಿನಹಣ್ಣು ಹೆಚ್ಚಾಯಿತು ಅನ್ನುವಂಥದ್ದು. ನಮ್ಮ ಕಡೆ ಹೆಂಗಸರ ಈ ಬಿಸಿಯನ್ನು ಹೆಚ್ಚಾಗಿ ತಳ್ಳುವುದು ಈ ಉಷ್ಣದ ಲೆಕ್ಕಕ್ಕೆ. ಎಳನೀರು ಕುಡಿ, ಮೆಂತೆ ನೆನೆಸಿ ಕುಡಿ, ಸರಿಹೋಗ್ತದೆ. ಕುಡಿದರೆ ತಪ್ಪಿಲ್ಲ. ಆದರೆ ಉಷ್ಣ ಅಂದ ಕೂಡಲೇ ಕಾರಣ ಅವಳ ಊಟಕ್ಕೆ ಬಂತು, ಅಂದರೆ ಅವಳ ತಪ್ಪಿಗೆ ಬಂತು.

6. ಪನಿ ಇಲ್ಲ, ಸೆಕೆ ಉಂಟು

ಕಾಸರಗೋಡಿನ ಒಂದು ಮನೆಯ ಉದಾಹರಣೆ ಕೊಡ್ತೇನೆ. ನನ್ನ ದೊಡ್ಡಮ್ಮನಿಗೆ ನಲವತ್ತೇಳು. ಮನೆಮಾತು ಹವ್ಯಕ ಕನ್ನಡ, ನೆರೆಯವರ ಹತ್ತಿರ ತುಳು, ಆಸ್ಪತ್ರೆಯಲ್ಲಿ ಅಷ್ಟಿಷ್ಟು ಮಲಯಾಳಂ. ಅವರು ನನ್ನ ಹತ್ತಿರ ಹೇಳಿದ್ದು ಹೀಗೆ: 'ಒಳಂದ ಒಂದರಿ ಬೆಶಿ ಏರಿ ಬತ್ತು, ಮತ್ತೆ ಬೆಗರಿ ಚೆಂಡಿ, ಅದರ ಮತ್ತೆ ಚಳಿ.' ಒಳಗಿನಿಂದ ಒಮ್ಮೆ ಬಿಸಿ ಏರುತ್ತದೆ, ಆಮೇಲೆ ಬೆವರಿ ಒದ್ದೆ, ಅದಾದ ಮೇಲೆ ಚಳಿ. ನಾನು ಮೊದಲ ಭಾಗದಲ್ಲಿ ಅರ್ಧ ಪುಟ ಹೇಳಿದ್ದನ್ನು ಅವರು ಒಂದು ವಾಕ್ಯದಲ್ಲಿ, ಅದೇ ಕ್ರಮದಲ್ಲಿ ಹೇಳಿದರು.

ಆದರೆ ಡಾಕ್ಟರ ಮುಂದೆ ಈ ವಾಕ್ಯ ಹೋಗಲಿಲ್ಲ. ಅಲ್ಲಿ ಅವರಿಗೆ ಸಿಕ್ಕ ಮಲಯಾಳಂ ಪದ 'ಪನಿ'. ಮಲಯಾಳಂನಲ್ಲಿ ಪನಿ ಅಂದರೆ ಜ್ವರ. ಥರ್ಮಾಮೀಟರ್ ಇಟ್ಟರು, ಅಂಕಿ ಮಾಮೂಲಿ. 'ಪನಿಯಿಲ್ಲ' ಅಂತ ವಿಟಮಿನ್ ಮಾತ್ರೆ ಬರೆದು ಕಳಿಸಿದರು. ಇದರಲ್ಲಿ ಯಾರನ್ನೂ ದೂರುವ ಹಾಗಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಸರಿಯಾಗಿಯೇ ಬಂತು. ಪ್ರಶ್ನೆ ಮಾತ್ರ ಭಾಷೆ ದಾಟುವಾಗ ಬದಲಾಗಿತ್ತು. ಮಲಯಾಳಂನಲ್ಲಿ ಮೈಯುರಿಗೆ 'ಪುಗಚ್ಚಿಲ್' ಅನ್ನುವ ಒಳ್ಳೆಯ ಪದ ಉಂಟು, ನಮ್ಮ ಹೊಗೆಗೆ ಸಂಬಂಧಪಟ್ಟದ್ದು. ಬೆಂಕಿ ಕಾಣುವುದಿಲ್ಲ, ಒಳಗೆ ಹೊಗೆಯಾಡುತ್ತದೆ. ಆ ಪದ ದೊಡ್ಡಮ್ಮನಿಗೆ ಗೊತ್ತಿದ್ದಿದ್ದರೆ ಮಾತು ಬೇರೆ ದಾರಿ ಹಿಡಿಯುತ್ತಿತ್ತೋ ಏನೋ. ಥೈರಾಯ್ಡ್‌ನಂಥ ಬೇರೆ ಕಾರಣಗಳಿಂದಲೂ ಇಂಥ ಬಿಸಿ, ಬೆವರು ಬರಬಹುದು. ಹಾಗಾಗಿ ಡಾಕ್ಟರ ಹತ್ತಿರ ಸರಿಯಾದ ವಿವರ ತಲುಪುವುದು ಎರಡು ಪಟ್ಟು ಮುಖ್ಯ.

ಅವರೇ ನೆರೆಮನೆಯಲ್ಲಿ ತುಳುವಿನಲ್ಲಿ ಹೇಳುವುದನ್ನು ಕೇಳಿದ್ದೇನೆ: 'ಎಂಕ್ ಮಾತ್ರ ಸೆಕೆ.' ನನಗೆ ಮಾತ್ರ ಸೆಕೆ. ಈ ಪ್ರಬಂಧ ಹುಟ್ಟಿದ್ದು ಆ ವಾಕ್ಯದಿಂದ. ಸೆಕೆ ಅನ್ನುವುದು ಹವೆಯ ಪದ. ಕರಾವಳಿಯಲ್ಲಿ ಸೆಕೆ ಎಲ್ಲರಿಗೂ ಒಟ್ಟಿಗೆ ಆಗುವುದು, ಊರಿಗೆ ಊರೇ ಬೆವರುವುದು. ಮಳೆ, ಗಾಳಿಯ ಹಾಗೆ ಅದಕ್ಕೆ ಯಾರೂ ಒಡೆಯರಿಲ್ಲ. ಆ ಪದಕ್ಕೆ 'ಮಾತ್ರ' ಸೇರಿಸಿದಾಗ ಒಬ್ಬರಿಗೇ ಬರುವ ಹವೆ ಅಂತಾಯಿತು. ಹವೆ ಬದಲಾಗಿಲ್ಲ, ಮೈ ಮಾತ್ರ ಬದಲಾದಂತೆ ನಡೆದುಕೊಳ್ಳುತ್ತದೆ ಅಂತ ಹೇಳಿದ್ದೆನಲ್ಲ, ಅದೇ ಇದು. ನನ್ನ ಪ್ರಕಾರ ಫ್ಲ್ಯಾಶ್, ಫ್ಲಶ್ ಎರಡಕ್ಕಿಂತಲೂ ಇದು ಕರಾರುವಾಕ್ಕು. ಅದರ ಜೊತೆಗೆ ಒಂಟಿತನವನ್ನೂ ಹೇಳುತ್ತದೆ: ಫ್ಯಾನ್ ಹಾಕಿ ಅಂದರೆ ಮನೆಯವರಿಗೆ ಚಳಿ.

ಹೊಸ ಪಾರಿಭಾಷಿಕ ಪದ ಟಂಕಿಸಬೇಕು ಅಂತ ನಾನು ಕೇಳುವುದಿಲ್ಲ. ಋತುಬಂಧದಂಥ ಪದಗಳು ನಮ್ಮಲ್ಲಿ ಬೇಕಾದಷ್ಟಿವೆ, ಅವು ಪುಸ್ತಕದಿಂದ ಹೊರಗೆ ಬರುವುದಿಲ್ಲ. ಹೆಂಗಸರು ಈಗಾಗಲೇ ಹೇಳುತ್ತಿರುವ ವಾಕ್ಯಗಳನ್ನು ನಾವು ಪಠ್ಯ ಅಂತ ಒಪ್ಪಬೇಕು. ಒಂದು ತ್ರಿಪದಿಯನ್ನು ಎಷ್ಟು ಗೌರವದಿಂದ ಬರೆದುಕೊಳ್ಳುತ್ತೇವೋ ಅಷ್ಟೇ ಗೌರವದಿಂದ 'ಎಂಕ್ ಮಾತ್ರ ಸೆಕೆ'ಯನ್ನೂ ಬರೆದುಕೊಳ್ಳಬೇಕು. ಕಥೆ ಕಾದಂಬರಿ ಓದುವಾಗ ನಡುವಯಸ್ಸಿನ ಹೆಂಗಸು ಸೆರಗಿನಿಂದ ಗಾಳಿ ಹಾಕಿಕೊಂಡರೆ, ನಡುರಾತ್ರಿ ಅಂಗಳಕ್ಕೆ ಬಂದು ಕೂತರೆ, ಅದು ಯಾವುದರ ಸಂಕೇತ ಅಂತ ಕೇಳುವ ಮೊದಲು ಅವಳಿಗೆ ನಿಜವಾಗಿಯೂ ಬಿಸಿಯಾಗಿರಬಹುದು ಅಂತ ಒಂದು ಕ್ಷಣ ನಿಲ್ಲಬೇಕು. ಸಂಕೇತ ಆಮೇಲೆ ಬರಲಿ. ಇಷ್ಟು ಹೇಳಿ ಮುಗಿಸ್ತೇನೆ.

ಸಂವಾದ

ಸೊಲ್ಲಾಪುರದಿಂದ ಒಬ್ಬ ಅಧ್ಯಾಪಕಿ: ಭಾಳ ಚಲೋ ವಿಷಯ ತಗೊಂಡೀರಿ. ನಮ್ಮ ಕಡೆ 'ಪಾಳಿ' ಅಂತಾರ, ಮರಾಠಿಯೊಳಗೂ ಅದ ಪದ. ಮುಟ್ಟು ನಿಂತ್ರ 'ಪಾಳಿ ಹೋತು' ಅಂತಾರ, ಮರಾಠಿಯವ್ರು 'ಪಾಳಿ ಗೇಲಿ' ಅಂದಂಗ. ಅದು ಮನಿ ಕಡೆಯಿಂದ ಹುಟ್ಟಿದ ಪದ ಅಲ್ಲಲ್ಲ? ಇನ್ನೊಂದು, ನಮ್ಮಲ್ಲಿ ಈ ಬಿಸಿಗೆ 'ಝಳ ಹೊಡದಂಗ ಆಗ್ತದ' ಅಂತಾರ. ಸೆಕೆ ಅಂದ್ರ ನಮಗ ತಿಳಿಯೂದಿಲ್ಲ.

ಉತ್ತರ: ಮೇಡಂ, ಇದು ನನಗೆ ತುಂಬ ಉಪಯೋಗ ಆಯ್ತು. ಪಾಳಿ ಅಂದರೆ ಸರದಿ. ಅದರಲ್ಲಿ ಮುಟ್ಟಬಾರದು, ಹೊರಗೆ ಕೂರಬೇಕು ಅನ್ನುವುದಿಲ್ಲ, ಕಾಲದ ಲೆಕ್ಕ ಮಾತ್ರ ಇದೆ. ಹಾಗಾಗಿ ನನ್ನ ಮಾತು ಕರಾವಳಿಯ ಪದಗಳಿಗೆ ಹೆಚ್ಚು ಹೊಂದುತ್ತದೆ ಅಂತ ಸೇರಿಸಿಕೊಳ್ತೇನೆ. ಝಳದ ವಿಷಯವೂ ಹಾಗೆಯೇ. ನಿಮ್ಮದು ಒಣ ಬಿಸಿಲಿನ ನಾಡು, ಬಿಸಿ ಮುಖಕ್ಕೆ ಹೊಡೆಯುತ್ತದೆ. ನಮ್ಮದು ಬೆವರಿನ ನಾಡು, ಬಿಸಿ ಮೈಗೆ ಅಂಟುತ್ತದೆ. ಎರಡು ಕಡೆಯ ಹೆಂಗಸರೂ ಮೈಯನ್ನು ತಮ್ಮ ಊರಿನ ಹವೆಯಿಂದಲೇ ಹೇಳುತ್ತಿದ್ದಾರೆ. ಝಳ ಥಟ್ಟನೆ ಬರುವುದನ್ನು ಹಿಡಿಯುತ್ತದೆ, ಸೆಕೆ ಬೆವರನ್ನು ಹಿಡಿಯುತ್ತದೆ. ಎರಡೂ ಬೇಕು.

ತಾಳವಾಡಿಯಿಂದ ಒಬ್ಬ ಸಂಶೋಧನಾ ವಿದ್ಯಾರ್ಥಿ: ಅತ್ತೆ ಸಿಡುಕುವುದಕ್ಕೆ ಹಾರ್ಮೋನ್ ಕಾರಣ ಅಂತ ಹೇಳಿದರೆ, ಸೊಸೆಗೆ ಕೊಟ್ಟ ಹಿಂಸೆಗೆ ಒಂದು ನೆಪ ಸಿಕ್ಕಿದ ಹಾಗಾಗಲ್ವಾ?

ಉತ್ತರ: ಆಗಬಾರದು. ಅತ್ತೆಯ ಅಧಿಕಾರ ಮೈಯಿಂದ ಬಂದದ್ದಲ್ಲ, ಮನೆಯ ವ್ಯವಸ್ಥೆಯಿಂದ ಬಂದದ್ದು. ಹಿಂಸೆಯ ಲೆಕ್ಕ ಅಲ್ಲೇ ಕೇಳಬೇಕು. ಅದೇ ಕಾಲದಲ್ಲಿ ಮಾವನೂ ಸಿಡುಕಿದ್ದಾನೆ, ಅವನಿಗೆ ಯಾವ ನೆಪವೂ ಬೇಕಾಗಿಲ್ಲ. ನಾನು ಕೇಳುವುದು ಇಷ್ಟೇ: ಅವಳ ಕ್ರೌರ್ಯವನ್ನು ಖಂಡಿಸುವಾಗಲೂ ಅವಳು ನಿದ್ದೆ ಇಲ್ಲದವಳು ಅನ್ನುವುದು ಪಾತ್ರದ ಭಾಗ ಆಗಬಹುದಾ? ಒಳ್ಳೆಯ ಕಾದಂಬರಿ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬಲ್ಲದು.

ಅಧ್ಯಕ್ಷರು: ಸಹಜವಾಗಿ ಆಗುವುದನ್ನು ಕಾಯಿಲೆ ಮಾಡ್ತಾ ಇದ್ದೇವಾ ಅನ್ನುವ ಆಕ್ಷೇಪ ಬರಬಹುದು. ಅದಕ್ಕೇನು ಹೇಳ್ತೀರಿ? ಮುಂದೆ ಏನು ಮಾಡಬೇಕು ಅಂತಿದ್ದೀರಿ?

ಉತ್ತರ: ಹೆರಿಗೆಯೂ ಸಹಜವೇ ಮೇಡಂ. ಹಾಗಂತ ಬಾಣಂತಿಗೆ ಬಿಸಿನೀರು, ಬಾಣಂತಿ ಕೋಣೆ, ಅವಳಿಗೇ ಅಂತ ಅಡುಗೆ, ಎಲ್ಲ ವ್ಯವಸ್ಥೆ ನಮ್ಮಲ್ಲಿತ್ತು. ಸಹಜ ಅಂದರೆ ಆರೈಕೆ ಬೇಡ ಅಂತ ಅರ್ಥ ಅಲ್ಲ. ಹೆಸರಿಡುವುದು ಕಾಯಿಲೆ ಮಾಡುವುದಕ್ಕಲ್ಲ, ಕೇಳಿಸಿಕೊಳ್ಳುವುದಕ್ಕೆ. ಮುಂದಿನದ್ದು ಅಂದರೆ, ಮಂಜೇಶ್ವರ ಮತ್ತು ಕಾಸರಗೋಡು ತಾಲೂಕಿನ ಹೆಂಗಸರ ಬಾಯಲ್ಲಿ ಈ ಬಿಸಿಗಿರುವ ಮಾತುಗಳನ್ನು ಕನ್ನಡ, ತುಳು, ಮಲಯಾಳಂ, ಬ್ಯಾರಿ, ಕೊಂಕಣಿ ಅಂತ ಐದು ಭಾಷೆಗಳಲ್ಲಿ ಸಂಗ್ರಹಿಸಬೇಕು ಅಂತಿದ್ದೇನೆ. ಅವರ ಒಪ್ಪಿಗೆ ಪಡೆದು, ಹೆಸರು ಹಾಕದೆ. ಅದರಲ್ಲಿ ಒಂದು ಪುಟವನ್ನು ಮೊದಲು ನಮ್ಮ ಹತ್ತಿರದ ಆಸ್ಪತ್ರೆಗೆ ಕೊಡುವ ಯೋಚನೆ ಉಂಟು, ಎಡಗಡೆ ಕನ್ನಡದ ಮಾತು, ಬಲಗಡೆ ಮಲಯಾಳಂ. ಎಂ.ಎ. ಪ್ರಬಂಧಕ್ಕೆ ಅಷ್ಟು ಸಾಕಾಗ್ತದೋ ಇಲ್ಲವೋ ಅಂತ ನೀವೇ ಹೇಳಬೇಕು.

ಅಧ್ಯಕ್ಷರು: ಸಾಕಾಗ್ತದೆ. ಮೊದಲು ಆ ಪುಟ ಮಾಡಿ.